ಗುಡಿಸು ಇಲ್ಲದ ಡಬ್ಬಿ

ಫ್ರೀಜರಿನಿಂದ ತೆಗೆದ ಡಬ್ಬಿಯ ಮೇಲೆ ಹೆಂಡತಿ "ಬೀನ್ಸ್ ಸೂಪು, ತಂಗಳು" ಎಂದು ಚೀಟಿ ಅಂಟಿಸಿದ್ದಳು. ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ ಸುಮ್ಮನಿದ್ದೀತೇ? ಕೆಂಪು ಪೆನ್ನಿನಿಂದ 'ತ'ಕ್ಕೆ ಗುಡಿಸು ಕೊಟ್ಟು 'ತಿಂಗಳು' ಮಾಡಿದ. ಒಂದು ತಿಂಗಳು ಇಡಬಹುದು ಎಂದು ಅವಳ ಅರ್ಥ ತಾನೇ! ಈ ಚಪಲಕ್ಕೇ ವಠಾರದವರು ಅವನನ್ನು ಕಾಗುಣಿತದಣ್ಣ ಎನ್ನುತ್ತಿದ್ದರು. ಅವನು ಅದನ್ನು ಬಿರುದೆಂದುಕೊಂಡಿದ್ದ.

ಆ ಮಧ್ಯಾಹ್ನ ಊಟಕ್ಕೆ ಇಬ್ಬರನ್ನು ಕರೆದಿದ್ದ: ಮೇಲಿನ ಮನೆಯ ನಿವೃತ್ತ ಟೀಚರಮ್ಮ, ಪಕ್ಕದ ಮನೆಯ ಬಸ್ ಡ್ರೈವರ್. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಡ್ಯೂಟಿಗೆ ಹೊರಡುವಾಗ, "ರೀ, ಗಡ್ಡೆ ಕಟ್ಟಿರೋದನ್ನ ಹೊರಗಿಟ್ಟು ಕರಗಿಸ್ಬೇಡಿ. ಸೀದಾ ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿ," ಎಂದಿದ್ದಳು. ಹಾಗೇ ಮಾಡಿದ. ಟೀಚರಮ್ಮ ಎರಡು ಬಟ್ಟಲು ಕುಡಿದರು. ಡ್ರೈವರ್ ಪಾತ್ರೆ ಬಳಿದು ಕುಡಿದು ಡ್ಯೂಟಿಗೆ ಓಡಿದ.

ಅವರು ಹೋದ ಮೇಲೆ ಐಸಿಗೆಂದು ಫ್ರೀಜರ್ ತೆರೆದವನಿಗೆ ಉಳಿದ ಡಬ್ಬಿಗಳು ಕಂಡವು. "ಬಟಾಣಿ, ತಿಂಗಳು." "ಕೋಳಿ, ತಿಂಗಳು." ಎಲ್ಲದರಲ್ಲೂ ಗುಡಿಸು ದುಂಡಗೆ ಕೂತಿತ್ತು. ಅವಳಿಗೆ ಕಾಗುಣಿತ ಬರುತ್ತದೆ ಎಂದಾಯಿತು! ಹಾಗಾದರೆ ಆ 'ತಂಗಳು' ನಿಜಕ್ಕೂ ತಂಗಳೇ. ಬೀದಿನಾಯಿಗೆಂದು ಅವಳು ಉಳಿದದ್ದನ್ನು ಎತ್ತಿಡುವುದೂ ನೆನಪಾಯಿತು. ನೆರೆಯವರನ್ನು ಕರೆದು ಕೂರಿಸಿ ನಾಯಿಯ ಪಾಲಿನ ತಂಗಳನ್ನು ಬಡಿಸಿದ್ದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದ. ಹೆಂಡತಿಯ ಫೋನು ಡ್ಯೂಟಿ ಮುಗಿಯುವವರೆಗೂ ಆಸ್ಪತ್ರೆಯ ಬೀರುವಿನಲ್ಲೇ.

ಮುಚ್ಚಿಡೋಣವೆಂದರೆ ಡ್ರೈವರನ ಹಿಂದೆ ಐವತ್ತು ಜನ ಕೂರುತ್ತಾರೆ. ಚಪ್ಪಲಿಯನ್ನೂ ಮೆಟ್ಟದೆ ಬಸ್ ನಿಲ್ದಾಣಕ್ಕೆ ಓಡಿದ.

"ಡ್ರೈವರಣ್ಣ, ಗಾಡಿ ತೆಗೀಬೇಡ! ನಿಂಗೆ ತಂಗಳು ಕುಡಿಸ್ಬಿಟ್ಟೆ!"

"ತಂಗಳಾ? ಎಷ್ಟು ದಿನದ್ದಣ್ಣ?"

"ನಾಯಿಗೇ ಗೊತ್ತು! ಅದರ ಪಾಲಿನದು ಅದು!"

ಅಲ್ಲಿಯವರೆಗೆ ಕಲ್ಲುಗುಂಡಿನಂತಿದ್ದ ಡ್ರೈವರ್ ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಓಡಿದ. ಪ್ರಯಾಣಿಕರು ಬೈಯುತ್ತಾ ಇಳಿದರು. "ಇವನೇ ಕಣ್ರೀ, ನಾಯಿ ಊಟ ಹಾಕಿದೋನು," ಎಂದು ಒಬ್ಬಾಕೆ ಬೆರಳು ತೋರಿಸಿದಳು. ತಲೆ ತಗ್ಗಿಸಿಕೊಂಡು ಬಂದು ಟೀಚರಮ್ಮನಿಗೂ ಹೇಳಿದ. ಅವರು ಮಂಚ ಹಿಡಿದು, ದೂರದ ಮಗಳಿಗೆ ಫೋನ್ ಮಾಡಿ, ಒಡವೆ ಯಾರಿಗೆ ಸೇರಬೇಕೆಂದು ಹೇಳತೊಡಗಿದರು.

ಸಂಜೆ ಹೆಂಡತಿ ಬಂದಳು. ಕತೆ ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ರೀ, ಅದು ತಿಂಗಳೇ! ಡ್ಯೂಟಿ ಅವಸರದಲ್ಲಿ ಗುಡಿಸು ಹಾಕೋದು ಮರೆತೆ. ಮೊನ್ನೆ ಮಾಡಿ, ಆರಿದ ತಕ್ಷಣ ಫ್ರೀಜರಿಗೆ ಇಟ್ಟ ಸೂಪು ಅದು. ನೀವು ತಿದ್ದಿದ್ದೇ ಸರಿ!"

ಅವನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಟೀಚರಮ್ಮನ ಮಂಚದ ಪಕ್ಕ ಡ್ರೈವರನೂ ಮಜ್ಜಿಗೆ ಹಿಡಿದು ಕೂತಿದ್ದ. ಹೆಂಡತಿ ಎಲ್ಲವನ್ನೂ ಬಿಡಿಸಿ ಹೇಳಿದಳು.

ಟೀಚರಮ್ಮ ಅವಳ ಕೆನ್ನೆ ಸವರಿದರು. "ಗಂಡನ ಮಾನ ಉಳಿಸೋಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡೆಯಲ್ಲಮ್ಮ. ಎಂಥಾ ಗುಣ!"

"ದೇವರಂಥೋರು ನೀವು, ಅಕ್ಕ," ಎಂದು ಡ್ರೈವರ್ ಕಣ್ಣೊರೆಸಿಕೊಂಡ.

"ನಿಜವಾಗ್ಲೂ ಟೀಚರಮ್ಮ, ನಾನು ತಿದ್ದಿದ್ದೇ..." ಎಂದು ಅವನು ಬಾಯಿ ತೆರೆದ.

"ಹೆಂಡತಿಗೇ ಕಾಗುಣಿತ ಬರಲ್ಲ ಅಂತ ಬೇರೆ ಹೇಳ್ತೀಯಾ? ನಾಚಿಕೆ ಆಗಲ್ವೇನಪ್ಪ ನಿಂಗೆ?"

"ಆಗ್ತಿದೆ, ಟೀಚರಮ್ಮ," ಎಂದ. ಅದನ್ನು ಮಾತ್ರ ಎಲ್ಲರೂ ನಂಬಿದರು.