ಸಾಹೇಬರಿಗೊಂದು ಮುಂಗಡ ಶ್ರದ್ಧಾಂಜಲಿ

ಬದುಕಿರುವ ಮನುಷ್ಯನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಬೇಕೆಂದರೆ ನನ್ನ ಕೈ ತಡೆಯುತ್ತದೆ. ಇದು ಜಿಪುಣತನವಲ್ಲ, ಕಸುಬಿನಿಂದ ಅಂಟಿದ ರೋಗ. ರೋಣದಲ್ಲಿ ಕೂತು ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಸುದ್ದಿಯನ್ನು ಹುಬ್ಬಳ್ಳಿಯ ಪತ್ರಿಕಾ ಕಚೇರಿಗೆ ಕಳಿಸುತ್ತ ಬಂದವನು ನಾನು. ಒಬ್ಬ ಮುಖಂಡರು ಊರಿಗೆ ನೀರು ಕೊಟ್ಟಿದ್ದೇನೆ ಅಂದರೆ ‘ಕೊಟ್ಟಿರುವುದಾಗಿ ಹೇಳಿದರು’ ಎಂದು ಬರೆಯುತ್ತಿದ್ದೆ. ಇನ್ನೊಬ್ಬರು ಕೊಟ್ಟಿಲ್ಲ ಅಂದರೆ ‘ಕೊಟ್ಟಿಲ್ಲವೆಂದು ಆರೋಪಿಸಿದರು’ ಎಂದು ಬರೆಯುತ್ತಿದ್ದೆ. ನೀರು ಬರುತ್ತದೆಯೋ ಇಲ್ಲವೋ ಎಂದು ನಳ ತಿರುಗಿಸಿ ನೋಡುವ ಗೊಡವೆಗೆ ಹೋದವನಲ್ಲ. ಅದಕ್ಕೆ ನಿಷ್ಪಕ್ಷಪಾತ ಎಂದು ಹೆಸರಿಟ್ಟುಕೊಂಡು ನೆಮ್ಮದಿಯಾಗಿದ್ದೆ. ಈ ಅಭ್ಯಾಸ ಮೆಲ್ಲಗೆ ಮನೆಯೊಳಗೂ ಬಂತು. ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಬಡಿಸಿ ಹ್ಯಾಂಗಾಗೇತ್ರಿ ಎಂದು ಕೇಳಿದರೆ, ಪರವಾಗಿಲ್ಲ ಅನ್ನುತ್ತಿದ್ದೆ. “ನಿಮ್ಮ ಬಾಯಾಗಿಂದ ಚಲೋ ಅನ್ನೂ ಮಾತು ಬರಬೇಕಂದ್ರ ನಾ ಸಾಯಬೇಕ ನೋಡ್ರಿ” ಎಂದು ಆಕೆ ಒಮ್ಮೆ ರೇಗಿದಳು. ಆಕೆ ಸಿಟ್ಟಿನಲ್ಲಿ ಹೇಳಿದ್ದು ನನ್ನ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಸತ್ತವರ ಬಗ್ಗೆ ಬರೆಯುವಾಗ ನನ್ನ ಕೈಗೆ ಯಾವ ತಡೆಯೂ ಇರಲಿಲ್ಲ.

ಈ ಔದಾರ್ಯದಿಂದ ನಾನು ಹಾಳು ಮಾಡಿದ್ದು ನಮ್ಮ ಕಡೆಯ ಒಬ್ಬ ಮಾಜಿ ಶಾಸಕರನ್ನು. ಅವರ ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಒಮ್ಮೆ ವಿಧಾನಸೌಧದ ಮೆಟ್ಟಿಲು ಹತ್ತಿ ಬಂದವರು ಕೊನೆಯತನಕ ಸಾಹೇಬರೇ ಆಗಿರುತ್ತಾರೆ, ನಾವೂ ಹಾಗೇ ಕರೆಯೋಣ. ಸಾಹೇಬರು ಕೆಲವು ಸಲ ಗೆದ್ದಿದ್ದರು, ಅದಕ್ಕಿಂತ ಹೆಚ್ಚು ಸಲ ಸೋತಿದ್ದರು. ಪಕ್ಷ ಬದಲಿಸಿದ್ದರ ಲೆಕ್ಕ ಅವರಿಗೂ ಸರಿಯಾಗಿ ನೆನಪಿರಲಿಲ್ಲ. ಮದುವೆ, ಬಸುರಿಯರ ಕುಬಸ, ಸತ್ತವರ ಮನೆ, ಯಾವುದನ್ನೂ ತಪ್ಪಿಸಿಕೊಂಡವರಲ್ಲ. ಬಿಳಿ ಅಂಗಿಯ ಕಿಸೆಯಲ್ಲಿ ಎಲೆ ಅಡಿಕೆಯ ಡಬ್ಬಿ, ಹೆಗಲ ಮೇಲೆ ಟಾವೆಲ್ಲು. ಕಂಡವರನ್ನೆಲ್ಲ “ಏನಪಾ, ಆರಾಮೇನು? ಮಾವಾರು ಹ್ಯಾಂಗದಾರ?” ಎಂದು ಮಾತಾಡಿಸುತ್ತಿದ್ದರು. ಮದುವೆಯಾಗದ ಹುಡುಗರಿಗೂ ಮಾವನ ಕ್ಷೇಮ ಕೇಳಿದ್ದುಂಟು.

ಈ ಶತಮಾನದ ಮೊದಲ ವರ್ಷಗಳಲ್ಲಿ ಒಮ್ಮೆ ಸಾಹೇಬರಿಗೆ ಎದೆನೋವು ಬಂತು, ಹುಬ್ಬಳ್ಳಿಗೆ ಸಾಗಿಸಿದರು. ಆ ಸಂಜೆ ಕಚೇರಿಯ ಉಪಸಂಪಾದಕರು ಫೋನು ಮಾಡಿದರು. “ಪರಿಸ್ಥಿತಿ ಸೂಕ್ಷ್ಮ ಐತಂತ್ರಿ. ಒಂದು ಬರದು ಕಳಿಸಿ ಇಟ್ಟುಬಿಡ್ರಿ.” ಹೊರಗಿನವರಿಗೆ ಇದು ಕ್ರೌರ್ಯ ಅನ್ನಿಸಬಹುದು. ಆದರೆ ಪತ್ರಿಕೆಯಲ್ಲಿ ದೊಡ್ಡವರ ನಿಧನವಾರ್ತೆಯನ್ನು ಅವರು ಬದುಕಿರುವಾಗಲೇ ಬರೆದಿಡುವುದು ಉಂಟು. ಸಾವು ಪುಟ ಕಟ್ಟುವ ವೇಳೆ ನೋಡಿಕೊಂಡು ಬರುವುದಿಲ್ಲವಲ್ಲ.

ನಾನು ಬರೆಯಲು ಕೂತೆ. ಏನು ಹೇಳಲಿ, ಎಂದೂ ಬಾರದ ಕನ್ನಡ ಅವತ್ತು ಬಂತು. ಪಕ್ಷದಿಂದ ಪಕ್ಷಕ್ಕೆ ಜಿಗಿದವರನ್ನು ‘ಪಕ್ಷಗಳ ಎಲ್ಲೆ ಮೀರಿದ ಜನನಾಯಕ’ ಎಂದೆ. ಸದನದಲ್ಲಿ ಒಮ್ಮೆಯೂ ಬಾಯಿ ತೆರೆಯದವರು ‘ಮಿತಭಾಷಿ’ ಆದರು. ಏತ ನೀರಾವರಿ ಮಾಡಿಸುತ್ತೇನೆಂದು ಪ್ರತಿ ಚುನಾವಣೆಯಲ್ಲೂ ಹೇಳಿ ಒಂದು ಹನಿ ನೀರನ್ನೂ ಏರಿಸದಿದ್ದದ್ದು ‘ಕಪ್ಪು ನೆಲಕ್ಕೆ ನೀರುಣಿಸುವ ಕನಸು ಕಂಡವರು’ ಆಗಿ ಹೊಳೆಯಿತು. ಠೇವಣಿ ಕಳೆದುಕೊಂಡ ಸೋಲನ್ನು ‘ಸೋಲು ಗೆಲುವುಗಳನ್ನು ಸಮಚಿತ್ತದಿಂದ ಕಂಡ ಸ್ಥಿತಪ್ರಜ್ಞ’ ಎಂಬಲ್ಲಿ ಅಡಗಿಸಿದೆ. ಓದಿ ನೋಡಿದಾಗ ನನ್ನ ಕಣ್ಣೇ ಒದ್ದೆಯಾಯಿತು. ಹೆಂಡತಿಗೂ ಓದಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಯಾವಾಗ ಹೋದ್ರು?” ಅಂದಳು. ಇನ್ನೂ ಹೋಗಿಲ್ಲ ಅಂದೆ. ಆಕೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರದಿ ಮಾಡಲಾರೆ.

ಸಾಹೇಬರು ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಊರಿಗೆ ಮರಳಿ, ಮೊದಲಿನ ಹಾಗೆಯೇ ಎಲ್ಲರ ಮಾವಂದಿರ ಕ್ಷೇಮ ವಿಚಾರಿಸತೊಡಗಿದರು. ನಾಚಿಕೆಯ ಸಂಗತಿಯೆಂದರೆ, ಅವರು ಗುಣವಾದ ಸುದ್ದಿ ಕೇಳಿದಾಗ ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಅಷ್ಟು ಚಂದದ ಬರಹ ವ್ಯರ್ಥವಾಯಿತಲ್ಲ ಎಂಬ ಸಣ್ಣ ಕೊರಗು ಹುಟ್ಟಿತು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಎದುರಾದರೆ ನಾನು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದೆ. ಒಬ್ಬ ಮನುಷ್ಯನನ್ನು ಬರಹದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವನೊಂದಿಗೆ ಚಹಾ ಕುಡಿಯುವುದು ಸುಲಭವಲ್ಲ.

ಕ್ಷೇತ್ರಗಳ ಗಡಿ ಬದಲಾಗಿ ಹೊಳೆಆಲೂರು, ಹೊಳೆಮಣ್ಣೂರ ಕಡೆಯ ಊರುಗಳು ನರಗುಂದಕ್ಕೆ ಸೇರಿದ ವರ್ಷ ಚುನಾವಣೆ ಬಂತು. ಯಾವ ಪಕ್ಷವೂ ಸಾಹೇಬರಿಗೆ ಟಿಕೆಟ್ ಕೊಡಲಿಲ್ಲ. ಪಕ್ಷೇತರರಾಗಿ ರೋಣದಿಂದ ನಿಂತರು. ಇದೇ ಕೊನೆಯ ಸಲ, ಒಮ್ಮೆ ಗೆದ್ದು ಮರ್ಯಾದೆಯಿಂದ ಮನೆಯಲ್ಲಿ ಕೂಡುತ್ತೇನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ನಾನು ಎಲ್ಲ ಅಭ್ಯರ್ಥಿಗಳ ಪರಿಚಯವನ್ನು ಎಂದಿನಂತೆ ಕಳಿಸಿದೆ. ವಯಸ್ಸು, ಓದು, ಎಲ್ಲಿಂದ ಸ್ಪರ್ಧೆ, ಅಷ್ಟೆ. ಸಾಹೇಬರದು ಕಳಿಸುವುದು ತಡವಾಯಿತು. ಕಚೇರಿಯಲ್ಲಿ ಹೊಸದಾಗಿ ಸೇರಿದ ಒಬ್ಬರು ಅವರ ಹೆಸರು ಹುಡುಕಿದಾಗ ಸಿಕ್ಕಿದ್ದು ಹಳೆಯ ಆ ಬರಹ. ನಿಧನರಾದರು ಎಂದಿದ್ದ ಮೊದಲ ಭಾಗವನ್ನೂ ಅಂತ್ಯಕ್ರಿಯೆಗೆ ಜಾಗ ಬಿಟ್ಟಿದ್ದ ಕೊನೆಯ ಭಾಗವನ್ನೂ ತೆಗೆದು, ನಡುವಿನದನ್ನು ಅಭ್ಯರ್ಥಿಯ ಪರಿಚಯವೆಂದು ಹಾಕಿಬಿಟ್ಟರು. ಉಳಿದವರೆಲ್ಲ ಬೆರಳಗಲ ಬಂದರು. ಸಾಹೇಬರು ಅರ್ಧ ಪುಟ ತುಂಬಿದ್ದರು.

ಬೆಳಗಾಗುವುದರೊಳಗೆ ಎದುರಾಳಿಗಳ ಕಡೆಯವರು ಬಾಗಿಲಿಗೆ ಬಂದರು. “ಏನ್ರಿ, ನೀವೂ ಪ್ರಚಾರಕ್ಕ ಇಳದ್ರೇನು? ನಮ್ಮವ್ರೇನು ಪಾಪ ಮಾಡ್ಯಾರ? ಅವರೂ ಕನಸು ಕಾಣ್ತಾರ್ರಿ, ಬರೀರಿ!” ನಾನು ಏನು ಹೇಳಲಿ? ನಿಮ್ಮವರಿಗೂ ಹೀಗೇ ಬರೆಯುತ್ತೇನೆ, ಸ್ವಲ್ಪ ತಡೆಯಿರಿ ಅನ್ನಲೆ? ಇಷ್ಟು ವರ್ಷ ಕಾಯ್ದುಕೊಂಡ ನಿಷ್ಪಕ್ಷಪಾತದ ಹೆಸರು ಮಣ್ಣಾಯಿತು. ಅದನ್ನು ಉಳಿಸಿಕೊಳ್ಳಲು ಇದ್ದ ಒಂದೇ ದಾರಿ ಎಂದರೆ ಅದು ನಿಧನವಾರ್ತೆ ಎಂದು ಒಪ್ಪಿಕೊಳ್ಳುವುದು. ಎಲ್ಲರಿಗೂ ಚಹಾ ಕೊಟ್ಟೆ.

ಅವರು ಹೋದ ಮೇಲೆ ಸಾಹೇಬರು ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು. “ಇಷ್ಟು ವರ್ಷ ನೀವು ನನ್ನ ಕಡೆ ನೋಡೂದ ಇಲ್ಲ ಅಂದ್ಕೊಂಡಿದ್ದೆ. ಎಲ್ಲಾ ನೋಡೀರಿ. ಮನಸಿನ್ಯಾಗ ಇಟ್ಕೊಂಡೀರಿ.” ಟಾವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನೂ ಹಣೆ ಒರೆಸಿಕೊಂಡೆ, ಬೇರೆ ಕಾರಣಕ್ಕೆ. ಹೆಂಡತಿ ಒಳಗಿನಿಂದ ಇಣುಕಿ, ಅವಸರದಲ್ಲಿ ಒಳಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಸಾಹೇಬರು ಆ ಬರಹವನ್ನೇ ಕರಪತ್ರ ಮಾಡಿಸಲು ಗಜೇಂದ್ರಗಡಕ್ಕೆ ಹೊರಟರು, ನನ್ನನ್ನೂ ಜೀಪಿನಲ್ಲಿ ಹಾಕಿಕೊಂಡರು. ಅಲ್ಲಿ ಮೆಹಬೂಬಸಾಬರ ಮುದ್ರಣಾಲಯ. ಲಗ್ನಪತ್ರಿಕೆ, ಚುನಾವಣೆಯ ಕಾಗದ, ಶ್ರದ್ಧಾಂಜಲಿ, ಮೂರೂ ಅವರಲ್ಲೇ ಆಗುತ್ತವೆ. ಸಾಹೇಬರು ಹೊರಗೆ ಜನರ ನಡುವೆ ನಿಂತಿದ್ದಾಗ ಮೆಹಬೂಬಸಾಬರು ಬರಹವನ್ನು ಓದಿ, ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು: “ಏನ್ರಿ ಇದು? ಹ್ಯಾಂಗ ಓದಿದ್ರೂ ಹೋದವರದ ಕಾಣತೈತಲ್ಲ?”

“ಹಂಗೇನಿಲ್ರಿ” ಅಂದೆ.

“ನೋಡ್ರಿ, ಕಾಯ್ದೆ ಪ್ರಕಾರ ಕೆಳಗ ನಮ್ಮ ಪ್ರೆಸ್ಸಿನ ಹೆಸರು ಹಾಕಬೇಕು. ನಾಳೆ ಮಂದಿ ಬಂದು, ಸಾಬ್ರ, ಮಣ್ಣು ಎಷ್ಟೊತ್ತಿಗೆ ಅಂತ ನನ್ನ ಕೇಳ್ತಾರ.”

ಆಗ ಬಾಯಿ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಕೇಳಿದ್ದು ಇಷ್ಟೆ: “ಅಂಚಿಗಾದ್ರೂ ಬಣ್ಣದ ಬಳ್ಳಿ ಹಾಕ್ತೀರೇನ್ರಿ?” ಅವರು ಇಲ್ಲವೆಂದು ತಲೆಯಾಡಿಸಿದರು. “ಒಂದ ಬಣ್ಣ ಅಂದಾರ್ರಿ ಸಾಹೇಬ್ರು, ಖರ್ಚಿನ ಲೆಕ್ಕ ಕೊಡಬೇಕಂತ. ಕರೀದ ಆಗತೈತಿ.” ಹೀಗೆ ಸಾಹೇಬರ ಭಾವಚಿತ್ರ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಕೂತು, ಸುತ್ತ ಕಪ್ಪು ಅಂಚು ಹೊತ್ತು, ನನ್ನ ಕನ್ನಡದ ಸಮೇತ ಊರೂರಿಗೆ ಹೋಯಿತು.

ಅಬ್ಬಿಗೇರಿಗೆ ಪ್ರಚಾರದ ಜೀಪು ಹೋದಾಗ ನಾನೂ ಹಿಂದೆ ಬೈಕಿನಲ್ಲಿದ್ದೆ, ವರದಿಗೆಂದು. ಅಂಗಡಿಯೊಂದರ ಕಂಬಕ್ಕೆ ಕರಪತ್ರ ಅಂಟಿಸಿದ್ದರು. ಅದಕ್ಕೆ ಯಾರೋ ಒಂದು ಎಳೆ ಸೇವಂತಿಗೆ ಮಾಲೆ ಇಳಿಬಿಟ್ಟಿದ್ದರು, ಕೆಳಗೆ ಊದಿನಕಡ್ಡಿ ಉರಿದು ಬೂದಿಯಾಗಿತ್ತು. ಕಟ್ಟೆಯ ಮೇಲಿನ ಅಜ್ಜ ಒಬ್ಬರು ಜೀಪಿನಿಂದ ಇಳಿದ ಸಾಹೇಬರನ್ನು ಕಂಡು ಎದ್ದೇ ನಿಂತರು.

“ಯಪ್ಪಾ! ಸಾಹೇಬ್ರ, ನೀವೇನ್ರಿ? ನಿನ್ನೆ ನಿಮ್ಮ ಹೆಸರಿಲೆ ಭಜನಿ ಮಾಡೇವಲ್ರಿ!”

ಸಾಹೇಬರು ನಕ್ಕು ಕೈ ಮುಗಿದರು. “ಮಾಡ್ರಿ, ಮಾಡ್ರಿ. ಭಜನಿ ಮಾಡಿದ್ರ ತಪ್ಪೇನೈತಿ? ಓಟೂ ಹಾಕ್ರಿ.”

“ಹೊಟ್ಟಿ ತುಂಬ ಅತ್ತೇವ್ರಿ” ಎಂದು ಒಬ್ಬ ಹೆಂಗಸು ಹೇಳಿದಳು. “ಅಷ್ಟು ಚಲೋ ಮನಷ್ಯಾ ಅಂತ ಇದ್ದಾಗ ಗೊತ್ತ ಇರಲಿಲ್ಲ ನೋಡ್ರಿ.” ಹೇಳಿ ನಾಲಿಗೆ ಕಚ್ಚಿಕೊಂಡಳು. ಅವತ್ತಿನ ವರದಿಯಲ್ಲಿ ನಾನು ‘ಅಭ್ಯರ್ಥಿಗೆ ಭಾವಪೂರ್ಣ ಸ್ವಾಗತ’ ಎಂದು ಬರೆದೆ. ಸುಳ್ಳೇನಲ್ಲ.

ಸಾಹೇಬರು ಸೋತರು, ಠೇವಣಿಯೂ ಹೋಯಿತು. ಫಲಿತಾಂಶದ ಗದ್ದಲ ಇಳಿದ ಮೇಲೆ ಒಂದು ಮುಂಜಾನೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ಒಂದು ಕಾಲಕ್ಕೆ ಚಪ್ಪಲಿಗಳಿಂದ ತುಂಬಿರುತ್ತಿದ್ದ ಅಂಗಳ ಖಾಲಿ ಇತ್ತು. ಸಾಹೇಬರು ಒಬ್ಬರೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು: “ಅದು ನಾ ಹೋದ ಮ್ಯಾಲ ಹಾಕೂದಿತ್ತು, ಹೌದಿಲ್ಲೋ?”

ನೆಲ ನೋಡಿದೆ. “ಹೌದ್ರಿ. ನಿಮಗ ಯಾವಾಗ ಗೊತ್ತಾತ್ರಿ?”

“ಓದಿದ ದಿನಾನ. ಇಂಥ ಭಾಷಣ ಎಷ್ಟು ಮಂದಿ ಮಣ್ಣಿಗೆ ನಿಂತು ಮಾಡೇನಿ ನಾನು! ಸೋತವ ಸ್ಥಿತಪ್ರಜ್ಞ, ಮಾತು ಬರಲಾರದಾವ ಮಿತಭಾಷಿ. ನಿಮಗಿಂತ ಮೊದಲ ನಾ ಕಲ್ತದ್ದು ಅದು.”

“ಮತ್ತ್ಯಾಕ್ರಿ ಅಚ್ಚು ಹಾಕ್ಸಿದ್ರಿ?”

ಅವರು ಅಡಕೊತ್ತು ಕೆಳಗಿಟ್ಟರು. “ಏನ್ ಮಾಡೂದ್ರಿ. ಚಲೋ ಬರದಿದ್ರಿ. ಇನ್ನೊಮ್ಮೆ ಅದು ಅಚ್ಚಾದಾಗ ಓದಾಕ ನಾ ಇರೂದಿಲ್ಲಲ್ಲ. ಆದ್ರ ಒಂದು ತಿಳದಿದ್ದಿಲ್ಲ. ಮಂದಿ ಓದಿ ಅತ್ತ ಬಿಟ್ರು. ಒಮ್ಮೆ ಅತ್ತ ಮ್ಯಾಲ ಮುಗೀತು, ಓಟು ಯಾರು ಹಾಕ್ತಾರ? ಈಗ ನೋಡ್ರಿ, ಅರ್ಜಿ ಹಿಡ್ಕೊಂಡು ಯಾರೂ ಬರೂದಿಲ್ಲ. ಬೈಯಾಕ ಸೈತ ಬರೂದಿಲ್ಲ. ಹಾದ್ಯಾಗ ಸಿಕ್ರ ಕೈ ಮುಗೀತಾರ, ಗುಡಿ ಮುಂದ ಮುಗದಂಗ.” ನನ್ನ ಕಡೆ ಬಾಗಿದರು. “ಒಂದು ಉಪಕಾರ ಮಾಡ್ರಿ. ಈಗ ಬೈದು ಬರೀರಿ. ಮುದುಕ ಇನ್ನೂ ಅದಾನ ಅಂತ ಮಂದಿಗೆ ಗೊತ್ತಾಗಲಿ.”

ಒಪ್ಪಿಕೊಂಡೆ. ಪೆನ್ನು ತೆಗೆದೆ. ಆಗ ನನಗೆ ತಿಳಿದದ್ದು, ನನ್ನ ಹತ್ತಿರ ಬರೆಯಲು ಏನೂ ಇರಲಿಲ್ಲ. ಹೇಳಿದರು, ಆರೋಪಿಸಿದರು ಎಂದು ಬರೆಯುತ್ತ ಕಳೆದ ವರ್ಷಗಳಲ್ಲಿ ಈ ಮನುಷ್ಯ ನಿಜವಾಗಿ ಮಾಡಿದ್ದೇನು, ಬಿಟ್ಟಿದ್ದೇನು ಎಂದು ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಬೇರೆ ದಾರಿಯಿಲ್ಲದೆ ಕೇಳಿದೆ: “ಸಾಹೇಬ್ರ, ನಿಮ್ಮ ತಪ್ಪು ಯಾವ್ಯಾವ್ರಿ?”

ಸಾಹೇಬರು ಕನಿಕರದಿಂದ ನೋಡಿದರು. ಆಮೇಲೆ ಕಾಲು ಮಡಚಿ ಸರಿಯಾಗಿ ಕೂತು, ಸಾವಕಾಶವಾಗಿ, ನಾನು ಬರೆದುಕೊಳ್ಳಲು ಅನುಕೂಲವಾಗುವಂತೆ ಹೇಳತೊಡಗಿದರು. ಒಂದೇ ಸಮುದಾಯ ಭವನಕ್ಕೆ ಎರಡು ಸಲ ಅಡಿಗಲ್ಲು ಇಟ್ಟದ್ದು, ಎರಡನೆಯ ಸಲ ಮೊದಲಿನ ಕಲ್ಲಿನ ಮೇಲೆ ನಿಂತು ಭಾಷಣ ಮಾಡಿದ್ದು. ಒಂದೂರಿಗೆ ದವಾಖಾನೆಯ ಕಟ್ಟಡ ತಂದು, ಉದ್ಘಾಟನೆ ಮಾಡಿ, ಡಾಕ್ಟರನ್ನು ತರುವುದನ್ನು ಮರೆತದ್ದು. ಈಗ ಅಲ್ಲಿ ಹೊಟ್ಟು ತುಂಬುತ್ತಾರಂತೆ. ಏತ ನೀರಾವರಿಯ ಕಾಗದ ಸಹಿಗೆ ಬಂದಾಗ ಪಕ್ಷ ಬದಲಿಸುವ ಗಡಿಬಿಡಿಯಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಉಳಿದುಬಿಟ್ಟದ್ದು. ಇದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. “ಇದನ್ನ ಮ್ಯಾಲ ಹಾಕ್ರಿ” ಅಂದರು.

ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ಕೇಳುತ್ತಿದ್ದರು. ತಡೆಯಲಾಗಲಿಲ್ಲ. “ಹೊಳಿ ಬಂದಾಗ ನೀವು ಹೊಳೆಮಣ್ಣೂರ ಮಂದಿ ಜೋಡಿ ಸಾಲ್ಯಾಗ ಮಲಗಿದ್ರಲ್ರಿ, ನೀರು ಇಳಿಯೂತನಾ ಮನಿಗೆ ಬರಲಿಲ್ಲ. ಅದನ್ನೂ ಹೇಳ್ರಿ.”

“ಏ, ಸುಮ್ಮನಿರು” ಎಂದು ಸಾಹೇಬರು ಗದರಿದರು. “ಅದು ಚಲೋದು. ಹಾಕಿದ್ರ ಮತ್ತ ಸತ್ತಾನ ಅಂದಾರು.”

ನನ್ನ ಅರ್ಧ ಪುಟದ ಹೊಗಳಿಕೆಯಲ್ಲಿ ಆ ಸಂಗತಿ ಇರಲಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ.

ವರದಿ ಪ್ರಕಟವಾದ ಮುಂಜಾನೆ ಸಾಹೇಬರ ಫೋನು ಬಂತು. ಹಿಂದೆ ಜೋರು ದನಿಗಳು ಕೇಳುತ್ತಿದ್ದವು, ಯಾರೋ ದವಾಖಾನೆಯ ಮಾತೆತ್ತಿ ಕೂಗುತ್ತಿದ್ದರು. “ಕೇಳಿಸ್ತೇನ್ರಿ?” ಎಂದರು ಸಾಹೇಬರು ಹಿಗ್ಗಿನಿಂದ. “ಅಂಗಳ ತುಂಬೇತಿ! ಒಬ್ಬಾಂವ ಅರ್ಜೀನೂ ತಂದಾನ. ಬೈದು ಮುಗದ ಮ್ಯಾಲ ಕೊಡ್ತಾನಂತ.”

ಅದರ ಬೆನ್ನಿಗೇ ಹುಬ್ಬಳ್ಳಿಯಿಂದ ಉಪಸಂಪಾದಕರು ಮಾತಾಡಿದರು. ಇಷ್ಟು ವರ್ಷಗಳಲ್ಲಿ ನನ್ನಿಂದ ಇಂಥ ಖಡಕ್ ವರದಿ ಬಂದದ್ದೇ ಇಲ್ಲವಂತೆ, ಸಂಪಾದಕರು ಸಭೆಯಲ್ಲಿ ಎಲ್ಲರಿಗೂ ಓದಿ ತೋರಿಸಿದರಂತೆ. “ಒಳಗಿನವರ ಯಾರೋ ಹೇಳಿದಂಗ ಐತ್ರಿ. ಯಾರ್ರಿ ಅದು?” ಎಂದು ಕೇಳಿದರು. ಮಾಹಿತಿ ಕೊಟ್ಟವರ ಹೆಸರು ಹೇಳುವುದು ವೃತ್ತಿಧರ್ಮವಲ್ಲ ಎಂದೆ. “ಭೇಷ್ ರಿ” ಅಂದರು. ನನ್ನ ಮೇಲಿನ ಗೌರವ ಅವರಲ್ಲಿ ಇನ್ನಷ್ಟು ಹೆಚ್ಚುತ್ತಿರುವುದು ಫೋನಿನಲ್ಲೇ ಕೇಳಿಸಿತು. ನಾನು ತಡೆಯಲಿಲ್ಲ.