ನನಗೆ ನಾನೇ ಬರೆದ ಶಿಫಾರಸು

ಮನುಷ್ಯನಿಗೆ ತನ್ನನ್ನು ತಾನು ಹೊಗಳಿಕೊಳ್ಳುವ ಚಟ ಇರಬಾರದು. ಇದ್ದರೂ ಜೊತೆಗೆ ದುಂಡಾದ ಕೈಬರಹವಂತೂ ಇರಲೇಬಾರದು. ನನಗೆ ಎರಡೂ ಇವೆ. ಪುಣೆಯಲ್ಲಿ ನನಗೊಂದು ಸ್ವಂತ ಮನೆಯಾಗದೆ ಹೋದದ್ದು ಹೀಗೆ.

ಪುಣೆಯ ಅಂಚಿನ ಖಡಕಿಯ ಸರಕಾರಿ ಕಚೇರಿಯಲ್ಲಿ ಹನ್ನೆರಡು ವರ್ಷ ಕಾರಕೂನಿಕೆ ಮಾಡಿದೆ. ಪಕ್ಕದ ಮೇಜಿನ ಹಣಮಂತರಾಯರೂ ನನ್ನ ಜೊತೆಗೇ ಸೇರಿದವರು. ನಾನು ಅಲ್ಲಿ ಕೂತಿದ್ದೆ, ಅವರು ಬೇರು ಬಿಟ್ಟಿದ್ದರು, ಅಷ್ಟೇ ವ್ಯತ್ಯಾಸ. ಪೇಟೆಯ ಎಣ್ಣೆ ವ್ಯಾಪಾರದ ಶೇಠರೊಬ್ಬರು ಹೆಚ್ಚಿನ ಪಗಾರದ ಆಸೆ ತೋರಿಸಿದ್ದೇ ತಡ, ನಾನು ಸರಕಾರಕ್ಕೆ ಕೈಮುಗಿದೆ. ಹೊರಡುವ ದಿನ ಹಣಮಂತರಾಯರಿಗೆ, “ನಿಮ್ಮಂಗ ಒಂದ ಕುರ್ಚಿ ಸವೆಸೂದು ನನ್ನ ಕಡೆ ಆಗೂದಿಲ್ರಿ” ಎಂದೆ. ಅವರು “ಹೋಗಿ ಬರ್ರಿ” ಎಂದು ನಕ್ಕು ಪೇಡೆ ಬಾಯಿಗೆ ಹಾಕಿಕೊಂಡರು. ಪೇಡೆ ಹಂಚಿದವನೂ ನಾನೇ.

ಮೂರು ತಿಂಗಳಾಗುವಷ್ಟರಲ್ಲಿ, ಮಗನ ಮದುವೆ ಗೊತ್ತಾಗಿದೆ, ಖೋಲಿ ಬಿಡಿ ಎಂದರು ನಾವು ಬಾಡಿಗೆಗಿದ್ದ ವಾಡೆಯ ಮಾಲಕರು. ಅದೇ ಗಲ್ಲಿಯ ಕೊನೆಗೆ ಸಣ್ಣದೊಂದು ಮನೆ ಮಾರಾಟಕ್ಕಿತ್ತು. ಎರಡು ಖೋಲಿ, ಹಿತ್ತಿಲಲ್ಲಿ ಸ್ವಂತ ನಳ. ವಾಡೆಯಲ್ಲಿ ಎಂಟು ಸಂಸಾರಕ್ಕೆ ಒಂದೇ ನಳ. ಅಲ್ಲಿ ಪಾಳಿಗೆ ಕೊಡ ಇಟ್ಟು ಇಟ್ಟೇ ನನ್ನ ಹೆಂಡತಿ ಮರಾಠಿಯಲ್ಲಿ ಜಗಳವಾಡಲು ಕಲಿತವಳು. ಆ ಮನೆಯ ನಳ ತಿರುಗಿಸಿ ನೋಡಿ ಬಂದವಳೇ, “ಏನರ ಮಾಡ್ರಿ, ಈ ಮನಿ ಬಿಡಬ್ಯಾಡ್ರಿ. ಒಮ್ಮೆರ ಪಾಳಿ ಇಲ್ಲದ ನೀರು ತುಂಬತೀನಿ” ಎಂದಳು. ಮರುದಿನವೇ ಸಾಲಕ್ಕೆ ಅರ್ಜಿ ಹಾಕಿದೆ.

ಸಹಕಾರಿ ಬ್ಯಾಂಕಿನ ಮ್ಯಾನೇಜರರು ಬೆಳಗಾವಿ ಕಡೆಯವರು, ನಮ್ಮವರೇ. ಅರ್ಜಿ ನೋಡಿ ಹುಬ್ಬು ಗಂಟಿಕ್ಕಿದರು. “ಪಗಾರ ಭಾಳ ಛಲೋ ಅದ. ಆದ್ರ ನೌಕರಿ ಮೂರ ತಿಂಗಳದ್ದು. ಸಾಲ ತೀರೂತನಕ ಅಲ್ಲೇ ಇರತೀರಿ ಅಂತ ನಂಬೂದು ಹ್ಯಾಂಗ್ರಿ? ಶೇಠರ ಕಡೆಯಿಂದ ಒಂದು ಪತ್ರ ತರ್ರಿ.”

ನಮ್ಮ ಕಚೇರಿಗಳಲ್ಲಿ ಇಂಥ ಪತ್ರವನ್ನು ಮಾಲಕರು ಬರೆಯುವುದಿಲ್ಲ. ಬೇಕಾದವನೇ ಬರೆದು ಮುಂದಿಡಬೇಕು, ಅವರು ಸಹಿ ಹಾಕುತ್ತಾರೆ. ‘ಈತ ನಮ್ಮಲ್ಲಿ ಖಾಯಂ’ ಎಂಬ ಒಂದು ಸಾಲು ಸಾಕಿತ್ತು. ಆದರೆ ಲೇಖನಿ ನನ್ನ ಕೈಯಲ್ಲಿತ್ತು, ವಿಷಯವೂ ನಾನೇ ಆಗಿದ್ದೆ! ಇವರ ಜಾಣತನದ ಮೇಲೆ ಮುಂಬಯಿಯ ದೊಡ್ಡ ದೊಡ್ಡ ಕಂಪನಿಗಳ ಕಣ್ಣಿದೆ, ನಾಳೆ ಬೇಕಾದರೂ ಕೈಹಿಡಿದು ಕರೆದೊಯ್ಯುವವರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಎರಡು ಪುಟ ತುಂಬಿಸಿದೆ. ಶೇಠರು ಓದದೆ ಸಹಿ ಹಾಕಿದರು.

ಮ್ಯಾನೇಜರರು ಮಾತ್ರ ಎರಡೆರಡು ಸಲ ಓದಿದರು. “ಇಷ್ಟು ಶಾಣ್ಯಾ ಮನಶ್ಯಾ ಪುಣೇದಾಗ ಎಷ್ಟು ದಿನ ಇರತಾನ್ರಿ?” ಎಂದು ಪತ್ರವನ್ನು ಮಡಚಿ ಅರ್ಜಿಯ ಜೊತೆಗೆ ನನಗೇ ಕೊಟ್ಟರು. ಅದೆಲ್ಲ ಸುಳ್ಳು, ಬರೆದವನು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಾನ ಹೋಗುತ್ತಿತ್ತು, ಹೇಳದಿದ್ದರೆ ಮನೆ. ನಾನು ಮಾನ ಉಳಿಸಿಕೊಂಡು ಮನೆಗೆ ಬಂದೆ. ಹೆಂಡತಿ ಕೊಡ ಎತ್ತಿಕೊಂಡು ಪಾಳಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಮನೆಯನ್ನು ಅದೇ ಬ್ಯಾಂಕಿನ ಸಾಲದಿಂದ ಕೊಂಡವರು ಹಣಮಂತರಾಯರು. ಅವರ ಕಚೇರಿಯ ಪತ್ರದಲ್ಲಿ ಇದ್ದದ್ದು ಒಂದೇ ಸಾಲಂತೆ: ‘ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾರೆ.’ ಸದ್ಯ ಅವರು ಕಚೇರಿಗೆ ಹತ್ತಿರವಾದ ಖಡಕಿ ಬಿಡುವವರಲ್ಲ, ಮನೆ ಬಾಡಿಗೆಗಿದೆ ಎಂದು ತಿಳಿದು ಹೆಂಡತಿಯನ್ನು ಕರೆದುಕೊಂಡು ಹೋಗಿ ಕೇಳಿದೆ. “ನಿಮಗಿಲ್ಲಂದ್ರ ಇನ್ಯಾರಿಗ್ರಿ?” ಎಂದರು ಆ ಪುಣ್ಯಾತ್ಮರು. “ಆದ್ರ ನೌಕರಿ ಹಿಡದು ಕೂಡತೀರಿ ಅಂತ ಒಂದ ಸಾಲು ಬರದು ಕೊಟ್ಟುಬಿಡ್ರಿ.”

ನಾನು ಜೇಬಿನ ಲೇಖನಿಗೆ ಕೈ ಹಾಕುವ ಮೊದಲೇ, ಧಾರವಾಡದಲ್ಲಿ ನಾಲ್ಕನೆಯ ಇಯತ್ತೆ ಓದಿದ ನನ್ನ ಹೆಂಡತಿ ಅದನ್ನು ಕಸಿದುಕೊಂಡು ತಾನೇ ಬರೆದಳು: ‘ನಮ್ಮವರು ಎಲ್ಲಿಗೂ ಹೋಗೂದಿಲ್ಲ. ಅವರನ್ನ ಯಾರೂ ಕರಿಯೂದಿಲ್ಲ.’

ನಾನು ಕೆಳಗೆ ಸಹಿ ಹಾಕಿದೆ.