ಮೊನೆ ಮುರಿದ ಶಂಕು

ಎಲ್ಲ ಶುರುವಾದದ್ದು ಒಂದು ಶರ್ಟಿನಿಂದ. ಗಣಿತದ ಮೇಷ್ಟ್ರು ಹಿತ್ತಾಳೆಯ ಶಂಕುವನ್ನು ಕಂಕುಳಲ್ಲಿ ಇರುಕಿಕೊಂಡು ಕಾಲೇಜಿನ ಮೆಟ್ಟಿಲು ಹತ್ತುವಾಗ, ಅದರ ಸೂಜಿಮೊನೆ ಹೆಡ್ ಕ್ಲಾರ್ಕರ ತೋಳಿಗೆ ಸಿಕ್ಕಿ ಬಟ್ಟೆ ಪರ್ರನೆ ಹರಿಯಿತು.

“ಏನ್ ಮೇಷ್ಟ್ರೇ, ಯಾರ ಕಣ್ ಕೀಳೋಕೆ ಹೊರಟ್ರಿ?”

“ಕಣ್ಣಲ್ಲ ಸಾರ್, ಕಾಯಂ ಕೆಲಸ ಕಿತ್ಕೊಳ್ಳೋಕೆ!”

ವರ್ಷಗಟ್ಟಲೆ ಹಂಗಾಮಿಯಾಗಿಯೇ ಉಳಿದಿದ್ದ ಮೇಷ್ಟ್ರ ಹಣೆಬರಹ ಇವತ್ತು ತೀರ್ಮಾನವಾಗಬೇಕಿತ್ತು. ಲೋಹದ ಶಂಕುವಿಗೆ ವಿದ್ಯುತ್ ಕೊಟ್ಟರೆ ಮೊನೆಯ ಬಳಿ ಅದರ ಕ್ಷೇತ್ರ, ಅಂದರೆ ಸುತ್ತಲಿನ ಸೆಳೆತ, ಎಷ್ಟು ಜೋರಾಗುತ್ತದೆ ಎಂಬುದಕ್ಕೆ ಅವರು ಹೊಸ ಸೂತ್ರ ಕಟ್ಟಿದ್ದರು. ಪರೀಕ್ಷಿಸಲು ಹೊರಗಿನಿಂದ ಪ್ರೊಫೆಸರಮ್ಮ ಬರುವವರಿದ್ದರು. ಸೂತ್ರ ಹೇಳಿದ ಅಂಕಿಯೇ ಮೀಟರಿನಲ್ಲೂ ಬಂದರೆ ಕೆಲಸ ಕಾಯಂ. ಮೇಷ್ಟ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಂಕಿಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಹೆಂಡತಿಗೆ ಫೋನ್ ಮಾಡಿ, “ಇನ್ಮೇಲೆ ನಿಮ್ಮಪ್ಪನ ಮುಂದೆ ತಲೆ ಎತ್ಕೊಂಡು ಕೂರ್ತೀನಿ ನೋಡು” ಎಂದೂ ಹೇಳಿಬಿಟ್ಟರು.

ಊಟ ಮುಗಿಸಿ ಬಂದು ನೋಡಿದರೆ, ಶಂಕುವಿನ ಮೊನೆ ಮಗುವಿನ ಹೆಬ್ಬೆರಳಿನಂತೆ ದುಂಡಗಾಗಿತ್ತು!

“ಅಯ್ಯೋ, ಯಾರ್ರೀ ಇದನ್ನ ಹಾಳ್ ಮಾಡಿದ್ದು?”

“ಹಾಳಾ? ವರ್ಕ್‌ಶಾಪಿಗೆ ಒಯ್ದು ನುಣ್ಣಗೆ ಮಾಡಿಸಿದೀನಿ,” ಎಂದರು ಹೆಡ್ ಕ್ಲಾರ್ಕು ಹೆಮ್ಮೆಯಿಂದ. “ಬಂದೋರಿಗೆ ಚುಚ್ಚಿದ್ರೆ ಕಾಲೇಜಿನ ಮಾನ ಏನಾಗ್ಬೇಕು?”

“ನಾನು ಪುಡಿ ಹಾಕಿ ಫಳಫಳ ಹೊಳೆಯೋ ಹಾಗೆ ಉಜ್ಜಿದೆ,” ಎಂದರು ಲೈಬ್ರರಿಯಮ್ಮ.

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಅಷ್ಟರಲ್ಲಿ ಪ್ರೊಫೆಸರಮ್ಮ ಬಂದೇಬಿಟ್ಟರು. ಆದರೆ ಲೆಕ್ಕ ಬಲ್ಲವನಿಗೆ ದಾರಿಗೇನು ಬರ? ಮೇಷ್ಟ್ರು ಎದ್ದು ನಿಂತು ಎದೆಯುಬ್ಬಿಸಿದರು.

“ಮೇಡಂ, ನನ್ನ ಸೂತ್ರ ಚೂಪು ಮೊನೆಗೆ ಮಾತ್ರ. ಇವರು ಮೊಂಡು ಮಾಡಿಟ್ಟಿದಾರೆ. ಹಾಗಾಗಿ ಇವತ್ತು ಬೋರ್ಡಲ್ಲಿರೋ ಅಂಕಿ ಬರಲ್ಲ, ತುಂಬಾ ಕಮ್ಮಿ ಬರತ್ತೆ.”

“ಸರಿ, ಕಮ್ಮಿ ಬಂದ್ರೆ ಇನ್ನೊಂದಿನ ಚೂಪು ಶಂಕು ತಂದು ನೋಡೋಣ. ಅಕಸ್ಮಾತ್ ಬೋರ್ಡಲ್ಲಿರೋದೇ ಬಂದ್ರೆ?”

“ಬಂದ್ರೆ ನನ್ನ ಸೂತ್ರಾನೇ ತಪ್ಪು ಅಂತ ಬರ್ಕೊಂಡ್ಬಿಡಿ!” ಎಂದು ಮೇಷ್ಟ್ರು ಮೇಜು ಕುಟ್ಟಿದರು.

ಪ್ರೊಫೆಸರಮ್ಮ ಸ್ವಿಚ್ ಒತ್ತಿದರು. ಮೀಟರಿನ ಮುಳ್ಳು ಮೇಲೇರತೊಡಗಿತು. ‘ಸಾಕು ತಾಯಿ, ಅಲ್ಲೇ ನಿಲ್ಲು’ ಎಂದು ಮೇಷ್ಟ್ರು ಮನಸ್ಸಿನಲ್ಲೇ ಬೇಡಿಕೊಂಡರು. ಅದು ನಿಲ್ಲಲಿಲ್ಲ. ಏರಿ ಏರಿ, ಬೋರ್ಡಿನ ಮೇಲಿದ್ದ ಅಂಕಿಯ ಮೇಲೆ ಕೂದಲೆಳೆಯೂ ಅತ್ತಿತ್ತ ಆಗದಂತೆ ಹೋಗಿ ಕೂತಿತು.

“ಬಂತು! ಬೋರ್ಡಲ್ಲಿರೋದೇ ಬಂತು!” ಎಂದು ಹೆಡ್ ಕ್ಲಾರ್ಕು ಕುಣಿದುಬಿಟ್ಟರು. ಲೈಬ್ರರಿಯಮ್ಮ ಕಣ್ಣೊರೆಸಿಕೊಂಡರು. ಕೋಣೆಯೆಲ್ಲ ಚಪ್ಪಾಳೆಯೋ ಚಪ್ಪಾಳೆ.

ಆ ಗದ್ದಲದಲ್ಲಿ ಪ್ರೊಫೆಸರಮ್ಮ ಪೆನ್ನಿನ ಮುಚ್ಚಳ ತೆಗೆದು ಮೆಲ್ಲಗೆ ಕೇಳಿದರು:

“ನೀವ್ ಹೇಳಿದ ಹಾಗೇ ಬರ್ಕೊಳ್ಳಲಾ, ಮೇಷ್ಟ್ರೇ?”